ದೊಡ್ಡ ಬ್ಯಾಂಕಲ್ಲಿ ಟೆಕ್ ಅಪ್ರೆಂಟಿಸ್ ಆಗ್ಬೇಕಾ? ಕಾಸರಗೋಡಿನವ್ರು ಹೀಗೆ ಮಾಡಿ ನೋಡಿ

ಬಿಸಿಎನೋ ಬಿಎಸ್ಸಿ ಕಂಪ್ಯೂಟರ್ ಸೈನ್ಸೋ ಮುಗಿಸಿ ಮಂಜೇಶ್ವರ, ಕುಂಬಳೆ, ಪೆರ್ಲದ ಕಡೆ ಮನೇಲಿ ಕೂತಿರೋ ಮಕ್ಕಳಿಗೆ ಬ್ಯಾಂಕ್ ಅಂದ್ರೆ ಇವತ್ತಿಗೂ ಕ್ಲರ್ಕ್ ಪರೀಕ್ಷೆ, ಇಲ್ಲಾಂದ್ರೆ ಪಿಒ ಅಂದ್ರೆ ಆಫೀಸರ್ ಪರೀಕ್ಷೆ. ಮಧ್ಯದಲ್ಲಿ ಅಪ್ರೆಂಟಿಸ್ ಅಂತ ಒಂದು ದಾರಿ ಉಂಟು, ಒಂದು ವರ್ಷದ್ದು, ಸ್ಟೈಪೆಂಡ್ ಬರ್ತದೆ, ಬ್ಯಾಂಕಿನ ಸಿಸ್ಟಮ್ ಒಳಗಿಂದ ಹೇಗೆ ಓಡ್ತದೆ ಅಂತ ನೋಡ್ಲಿಕ್ಕೆ ಸಿಗ್ತದೆ. ಆದ್ರೆ ಇದು ಕೆಲಸ ಅಲ್ಲ, ಟ್ರೈನಿಂಗ್. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ನೀವು ನೌಕರರಲ್ಲ, ವರ್ಷ ಮುಗಿದ್ಮೇಲೆ ಕೆಲಸ ಕೊಡ್ಲೇಬೇಕು ಅಂತ ಬ್ಯಾಂಕಿಗೆ ಕಡ್ಡಾಯವೂ ಇಲ್ಲ. ಇದನ್ನ ಮನೇಲೂ ಮೊದ್ಲೇ ಹೇಳಿಡಿ, ಇಲ್ಲಾಂದ್ರೆ ಹುಡುಗ ಬ್ಯಾಂಕಲ್ಲಿ ಪರ್ಮನೆಂಟ್ ಅಂತ ಊರಿಡೀ ಸುದ್ದಿ ಆಗಿರ್ತದೆ.

ಮೊದ್ಲು ಯಾವ ತರದ ಸೀಟು ಅಂತ ನೋಡ್ಕೊಳ್ಳಿ

ಎಸ್‌ಬಿಐ, ಕೆನರಾ ಬ್ಯಾಂಕ್ ಇವರೆಲ್ಲ ಸಾವಿರಗಟ್ಟಲೆ ಕರೆಯೋ ಅಪ್ರೆಂಟಿಸ್ ಸೀಟುಗಳಿಗೆ ಯಾವ ಡಿಗ್ರಿಯಾದ್ರೂ ಆಗ್ತದೆ, ಆದ್ರೆ ಹೆಚ್ಚಿನವರಿಗೆ ಸಿಗೋದು ಬ್ರಾಂಚಲ್ಲಿ ಕೂರೋ ಟ್ರೈನಿಂಗು. ಟೆಕ್ನಾಲಜಿ ಟೀಮಿಗೇ ತಗೊಳ್ಳೋದು ಜಾಸ್ತಿ ದೊಡ್ಡ ಖಾಸಗಿ ಮತ್ತೆ ವಿದೇಶಿ ಬ್ಯಾಂಕುಗಳ ಟೆಕ್ ಸೆಂಟರುಗಳಲ್ಲಿ, ಬೆಂಗಳೂರು, ಚೆನ್ನೈ, ಪುಣೆ ಕಡೆ. ಹಾಗಾಗಿ ಆಫರ್ ಲೆಟರ್ ಬಂದಾಗ ಟ್ರೈನಿಂಗ್ ಯಾವ ವಿಭಾಗದಲ್ಲಿ, ಯಾವ ಊರಲ್ಲಿ ಅಂತ ಕೇಳಿ ಮೇಲ್‌ನಲ್ಲಿ ತರಿಸ್ಕೊಳ್ಳಿ, ಫೋನಲ್ಲಿ ಹೇಳಿದ್ದನ್ನ ನಂಬ್ಬೇಡಿ.

ಅರ್ಜಿ ಹಾಕುವ ಮೊದ್ಲು ಶಿಕ್ಷಣ ಸಚಿವಾಲಯದ ನ್ಯಾಟ್ಸ್ ಅನ್ನೋ ಅಪ್ರೆಂಟಿಸ್ ಪೋರ್ಟಲಲ್ಲಿ ರಿಜಿಸ್ಟರ್ ಆಗಿ ನಂಬರ್ ತಗೊಳ್ಬೇಕು, ಅಕ್ಷಯ ಸೆಂಟರಿಗೆ ಓಡ್ಬೇಕಂತ ಇಲ್ಲ, ಮೊಬೈಲಲ್ಲೇ ಆಗ್ತದೆ. ಎಸ್‌ಬಿಐ, ಕೆನರಾ ಅರ್ಜಿಗಳಲ್ಲಿ ವಯಸ್ಸು ಸಾಮಾನ್ಯವಾಗಿ 20ರಿಂದ 28, ಮೀಸಲಾತಿಯವರಿಗೆ ಸಡಿಲಿಕೆ ಉಂಟು. ಒಮ್ಮೆ ಎಲ್ಲಾದ್ರೂ ಅಪ್ರೆಂಟಿಸ್ ಮಾಡಿ ಮುಗಿಸಿದವ್ರಿಗೆ ಇನ್ನೊಂದು ಸಲ ಆಗೋದಿಲ್ಲ, ಅದಕ್ಕೇ ಮೊದಲು ಸಿಕ್ಕಿದ ಬ್ರಾಂಚ್ ಸೀಟಿಗೆ ಹಾರ್ಬೇಡಿ ಅಂತ ನಾನು ಹೇಳೋದು.

ಭಾಷೆಯ ಕಾಲಮ್, ಇಲ್ಲಿ ನಿಧಾನ ಮಾಡಿ

ನಮ್ಮವ್ರು ಎಡವೋದು ಇಲ್ಲೇ. ಸರ್ಕಾರಿ ಬ್ಯಾಂಕಿನ ಅರ್ಜೀಲಿ ಒಂದೇ ರಾಜ್ಯಕ್ಕೆ ಹಾಕ್ಬಹುದು, ಆ ರಾಜ್ಯದ ಭಾಷೆ ಓದ್ಲಿಕ್ಕೆ, ಬರೀಲಿಕ್ಕೆ, ಮಾತಾಡ್ಲಿಕ್ಕೆ ಬರ್ಬೇಕು. ಆ ಭಾಷೆ ಕಲಿತಿದ್ದೀರಿ ಅಂತ ಹತ್ತನೇ ಅಥವಾ ಹನ್ನೆರಡನೇ ಕ್ಲಾಸಿನ ಅಂಕಪಟ್ಟಿಯಲ್ಲಿ ಇದ್ರೆ ಭಾಷಾ ಪರೀಕ್ಷೆಯೇ ಇಲ್ಲ. ಮನೆ ಕೇರಳದಲ್ಲಿ ಅಂತ ಕಣ್ಣುಮುಚ್ಚಿ ಕೇರಳ ಅಂತ ಹಾಕಿದ್ರೆ ಮಲಯಾಳಂ ಪರೀಕ್ಷೆ ಕೂರ್ಬೇಕಾಗ್ತದೆ, ಪೇಟೇಲಿ ಮಲಯಾಳಂ ಮಾತಾಡ್ತೇವೆ ಸರಿ, ಆದ್ರೆ ಕನ್ನಡ ಮೀಡಿಯಂನಲ್ಲಿ ಓದಿದವ್ರಿಗೆ ಪೇಪರಲ್ಲಿ ಬರಿ ಅಂದ್ರೆ ಕೈ ನಡುಗ್ತದೆ. ನಿಮ್ಮ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಕನ್ನಡ ಉಂಟಲ್ವಾ, ಕರ್ನಾಟಕದ ಸೀಟಿಗೆ ಹಾಕಿ. ಕೆಲವು ಬ್ಯಾಂಕುಗಳು ಆ ರಾಜ್ಯದ ನಿವಾಸಿಯೇ ಆಗಿರ್ಬೇಕು ಅಂತ ಷರತ್ತು ಇಡ್ತಾವೆ, ಆ ಒಂದು ಸಾಲು ನೋಟಿಫಿಕೇಶನ್‌ನಲ್ಲಿ ಹುಡುಕಿ ಓದಿ ಆಮೇಲೆ ಸಬ್ಮಿಟ್ ಒತ್ತಿ.

ದುಡ್ಡಿನ ವಿಷ್ಯ

ಎಸ್‌ಬಿಐ, ಕೆನರಾದಲ್ಲಿ ತಿಂಗಳಿಗೆ 15,000. ಕೆನರಾದಲ್ಲಿ ಅದರಲ್ಲಿ 10,500 ಬ್ಯಾಂಕ್ ಹಾಕ್ತದೆ, 4,500 ಸರ್ಕಾರದ ಪಾಲು, ಅದು ಸೀದಾ ನಿಮ್ಮ ಖಾತೆಗೆ ಬರ್ತದೆ. ಈ 4,500 ಸುಮಾರು ಜನಕ್ಕೆ ತಿಂಗಳುಗಟ್ಟಲೆ ಬರೋದಿಲ್ಲ, ಯಾಕಂದ್ರೆ ಖಾತೆಗೆ ಆಧಾರ್ ಲಿಂಕ್ ಆಗಿರೋದು ಬೇರೆ, ಸಬ್ಸಿಡಿ ಬರೋ ಹಾಗೆ ಸೀಡಿಂಗ್ ಆಗಿರೋದು ಬೇರೆ. ಬ್ರಾಂಚಿಗೆ ಹೋಗಿ ಸೀಡಿಂಗ್ ಅಂತಲೇ ಕೇಳಿ ಫಾರ್ಮ್ ಕೊಡಿ. ಮತ್ತೆ ಬೆಂಗಳೂರಲ್ಲಿ ಪಿಜಿ, ಊಟ, ಬಸ್ಸು ಅಂತ ಲೆಕ್ಕ ಹಾಕಿದ್ರೆ ಉಳಿಯೋದು ಹೆಚ್ಚೇನೂ ಇಲ್ಲ, ಮಂಗಳೂರಲ್ಲಿ ಸಿಕ್ಕಿದ್ರೆ ರೈಲಿನ ಸೀಸನ್ ಟಿಕೆಟಲ್ಲಿ ಮನೆಯಿಂದಲೇ ಹೋಗ್ಬಹುದು. ಪರೀಕ್ಷಾ ಶುಲ್ಕ ಬಿಟ್ಟು ಡಿಪಾಸಿಟ್, ಲ್ಯಾಪ್‌ಟಾಪ್ ಚಾರ್ಜ್ ಅಂತ ಯಾರಾದ್ರೂ ಕೇಳಿದ್ರೆ ಅದು ಮೋಸ, ಫೋನ್ ಇಡಿ.

ಒಳಗೆ ಹೋದ್ಮೇಲೆ

ಶುರುವಿಗೆ ಬೋರ್ ಆಗ್ತದೆ, ಹೇಳೇಬಿಡ್ತೇನೆ. ಆಕ್ಸೆಸ್ ಬರ್ಲಿಕ್ಕೇ ದಿನಗಟ್ಟಲೆ, ಪೆನ್‌ಡ್ರೈವ್ ಹಾಕ್ಲಿಕ್ಕಿಲ್ಲ, ಕೆಲವು ಕಡೆ ಫೋನ್ ಕೂಡ ಹೊರಗೇ. ಲೈವ್ ಸಿಸ್ಟಮ್ ಮುಟ್ಟೋ ಪರ್ಮಿಷನ್ ನಿಮಗೆ ಸಿಗೋದಿಲ್ಲ, ಸಿಗ್ಲೂಬಾರ್ದು. ಒಬ್ಬ ಎಂಟ್ರಿ ಹಾಕಿದ್ರೆ ಇನ್ನೊಬ್ಬ ನೋಡಿ ಓಕೆ ಮಾಡ್ಬೇಕು, ಮೇಕರ್ ಚೆಕರ್ ಅಂತಾರೆ, ಕೋಡಿಗೂ ಅದೇ ಕತೆ. ಟೆಸ್ಟಿಂಗ್, ಲಾಗ್ (ಸಿಸ್ಟಮ್ ತಾನೇ ಬರೆದಿಡೋ ದಾಖಲೆ) ನೋಡೋದು, ಟಿಕೆಟ್‌ಗಳನ್ನ, ಅಂದ್ರೆ ಸಿಸ್ಟಮಲ್ಲಿ ದಾಖಲಾದ ದೂರುಗಳನ್ನ ವಿಂಗಡಿಸೋದು, ಇಷ್ಟೇ ನಿಮ್ಮ ಪಾಲಿಗೆ ಬರೋದು.

ಆ ಟಿಕೆಟ್‌ಗಳನ್ನೇ ಗಟ್ಟಿ ಹಿಡ್ಕೊಳ್ಳಿ, ಜಾವಾ, ಪೈಥಾನ್ ಯೂಟ್ಯೂಬಲ್ಲೂ ಕಲೀಬಹುದು, ಹಣ ಹೇಗೆ ಹೋಗ್ತದೆ ಅಂತ ಇಲ್ಲಿ ಮಾತ್ರ ಕಲೀಲಿಕ್ಕೆ ಆಗೋದು. ಉದಾಹರಣೆಗೆ ಉಪ್ಪಳದಲ್ಲಿ ಯಾರೋ ಯುಪಿಐಯಲ್ಲಿ ದುಡ್ಡು ಕಳಿಸಿದ್ರು, ಇವರ ಖಾತೆಯಿಂದ ಕಟ್ ಆಯ್ತು, ಆಚೆಯವರಿಗೆ ಹೋಗ್ಲಿಲ್ಲ. ಕಳಿಸಿದವರ ಬ್ಯಾಂಕು ಡೆಬಿಟ್ ಮಾಡಿದೆ, ಮಧ್ಯದಲ್ಲಿ ಯುಪಿಐ ನಡೆಸೋ ಎನ್‌ಪಿಸಿಐ ಸಂಸ್ಥೆಯ ಸ್ವಿಚ್ಚು, ಅಂದ್ರೆ ಬ್ಯಾಂಕುಗಳ ನಡುವೆ ಸಂದೇಶ ದಾಟಿಸೋ ಸಿಸ್ಟಮ್ ಉಂಟು, ಆಚೆ ಬ್ಯಾಂಕಿನ ಉತ್ತರ ಟೈಮಿಗೆ ಬರ್ಲಿಲ್ಲ, ಎಲ್ಲಿ ನಿಂತಿದೆ ಅಂತ ಮೂರೂ ಕಡೆಯ ಲೆಕ್ಕ ತಾಳೆ ಹಾಕಿ ಹುಡುಕ್ಬೇಕು. ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ ಇಂಥ ದುಡ್ಡು ಮರುದಿನದೊಳಗೆ ವಾಪಸ್ ಆಗ್ಬೇಕು, ತಡ ಆದ್ರೆ ದಿನಕ್ಕೆ 100 ರೂಪಾಯಿ ಗ್ರಾಹಕರಿಗೆ ಕೊಡ್ಬೇಕು, ಎಟಿಎಂ ಆದ್ರೆ 5 ದಿನ. ಇಂಥ ಒಂದು ಟಿಕೆಟ್ ಶುರುವಿಂದ ಕೊನೆವರೆಗೆ ಹಿಂಬಾಲಿಸಿ ಪುಸ್ತಕದಲ್ಲಿ ಬರ್ಕೊಂಡ್ರೆ ಡೇ ಎಂಡ್ ಅಂದ್ರೆ ಎಂತ, ಸೆಟಲ್ಮೆಂಟ್ ಅಂದ್ರೆ ಎಂತ ಅಂತ ತನ್ನಷ್ಟಕ್ಕೆ ಗೊತ್ತಾಗ್ತದೆ. ಆದ್ರೆ ಗ್ರಾಹಕರ ಹೆಸ್ರು, ಖಾತೆ ನಂಬರ್ ಬರೀಬೇಡಿ, ಸ್ಕ್ರೀನಿನ ಫೋಟೋ ಅಂತೂ ಬೇಡವೇ ಬೇಡ.

ಸೀನಿಯರ್‌ಗಳ ಹತ್ರ ಮಾತಿಗೆ ದಾರಿ ಬೇಕಾದ್ರೆ ಬ್ಯಾಂಕ್ ವಿಲೀನದ ಬಗ್ಗೆ ಕೇಳಿ. ನಮ್ಮ ಕಡೆ ಎಷ್ಟೋ ಮನೇಲಿ ಸಿಂಡಿಕೇಟ್, ವಿಜಯಾ ಪಾಸ್‌ಬುಕ್ ಇತ್ತಲ್ಲ, 2019ರಲ್ಲಿ ವಿಜಯಾ ಬರೋಡಾಕ್ಕೆ ಸೇರ್ತು, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, 2021ರ ಜುಲೈ 1ರಿಂದ ಸಿಂಡಿಕೇಟಿನ ಹಳೇ ಐಎಫ್ಎಸ್‌ಸಿ ಕೋಡು ನಿಂತೇಹೋಯ್ತು. ಅಷ್ಟು ಖಾತೆ, ಚೆಕ್ಕು, ಸಾಲದ ಕಂತು ಒಂದು ಸಿಸ್ಟಮಿಂದ ಇನ್ನೊಂದಕ್ಕೆ ಹೇಗೆ ಸಾಗಿಸಿದ್ರು ಅಂತ ಕೇಳಿದ್ರೆ ಆ ಕೆಲಸ ಮಾಡಿದವ್ರು ಚಾ ಕುಡ್ಸಿ ಹೇಳ್ತಾರೆ.

ಕೊನೆ ತಿಂಗಳು

ಪೋರ್ಟಲಲ್ಲಿ ನಿಮ್ಮ ಕಾಂಟ್ರಾಕ್ಟ್ ಮುಗಿದದ್ದು ದಾಖಲಾಗಿದೆಯಾ ನೋಡಿ, ಸರ್ಟಿಫಿಕೇಟ್ ಇಳಿಸ್ಕೊಳ್ಳಿ. ಎಸ್‌ಬಿಐಯಲ್ಲೇ ಅಪ್ರೆಂಟಿಸ್ ಮುಗಿಸಿದವ್ರಿಗೆ ಅಲ್ಲಿನ ಜೂನಿಯರ್ ಅಸೋಸಿಯೇಟ್ (ಕ್ಲರ್ಕ್) ನೇಮಕಾತಿಯಲ್ಲಿ ಸ್ವಲ್ಪ ಬೋನಸ್ ಅಂಕ ಉಂಟು, ಅದಕ್ಕೂ ಈ ಕಾಗದವೇ ಬೇಕು. ರೆಸ್ಯೂಮೆಯಲ್ಲಿ ಸರ್ವರ್ ಹೆಸ್ರು, ಒಳಗಿನ ಸಿಸ್ಟಮ್ ವಿವರ ಹಾಕ್ಬೇಡಿ, ಯುಪಿಐ ದೂರುಗಳ ರೆಕನ್ಸಿಲಿಯೇಶನ್‌ನಲ್ಲಿ (ಲೆಕ್ಕ ತಾಳೆ ಹಾಕೋದ್ರಲ್ಲಿ) ಕೆಲಸ ಮಾಡಿದ್ದೇನೆ ಅಂತ ಒಂದು ಸಾಲು ಸಾಕು, ಇಂಟರ್ವ್ಯೂನವ್ರು ಮುಂದಿನ ಅರ್ಧ ಗಂಟೆ ಅದನ್ನೇ ಕೇಳ್ತಾರೆ.