"ವಿಶ್ವಸಂಸ್ಥೆ ಖಂಡಿಸಿದೆ" ಅಂತ ನ್ಯೂಸ್ ಬಂದ್ರೆ ಅದನ್ನ ಓದೋದು ಹೇಗೆ

ಎಲ್ಲಾದ್ರೂ ಯುದ್ಧ ಶುರುವಾದ್ರೆ ಸಾಕು, ಗ್ರೂಪ್‌ಗಳಲ್ಲಿ ಎರಡೇ ರಾಗ. ಒಂದಷ್ಟು ಜನ "ವಿಶ್ವಸಂಸ್ಥೆ ಕತ್ತೆ ಕಾಯ್ತಿದ್ಯಾ" ಅಂತಾರೆ, ಇನ್ನೊಂದಷ್ಟು ಜನ "ನೋಡ್ರೀ ವಿಶ್ವಸಂಸ್ಥೆನೇ ಹೇಳಿದೆ" ಅಂತ ಸ್ಕ್ರೀನ್‌ಶಾಟ್ ಹಾಕ್ತಾರೆ. ಇಬ್ರೂ ಹೆಡ್‌ಲೈನ್ ಬಿಟ್ಟು ಕೆಳಗೆ ಓದಿರಲ್ಲ. ಓದೋಕೆ ಕೂತ್ರೆ ಏನೇನ್ ನೋಡ್ಬೇಕು ಅಂತ ಹೇಳ್ತೀನಿ.

ಮೊದ್ಲು, ಹೇಳಿದ್ದು ಯಾರು ಅಂತ ನೋಡಿ. ಸೆಕ್ರೆಟರಿ ಜನರಲ್ ಕಳವಳ ವ್ಯಕ್ತಪಡಿಸಿದ್ರೆ ಅದು ಹೇಳಿಕೆ ಅಷ್ಟೇ, ಅವರ ಹತ್ರ ಸ್ವಂತದ್ದು ಅಂತ ಒಬ್ಬ ಸೈನಿಕನೂ ಇಲ್ಲ. 193 ದೇಶ ಕೂರೋ ಜನರಲ್ ಅಸೆಂಬ್ಲಿ ನಿರ್ಣಯ ಮಾಡಿದ್ರೆ ಆ ದೇಶಕ್ಕೆ ಮುಜುಗರ ಆಗತ್ತೆ, ಆದ್ರೆ ಪಾಲಿಸಲೇಬೇಕು ಅಂತಿಲ್ಲ. ಜಿನೀವಾದಲ್ಲಿರೋ ಮಾನವ ಹಕ್ಕು ಮಂಡಳಿ, ಅಂದ್ರೆ 47 ದೇಶದ್ದು, ತನಿಖೆಗೆ ತಂಡ ಕಳಿಸ್ಬಹುದು, ಒಳಗೆ ಬಿಡ್ಬೇಕಲ್ಲ? ಮ್ಯಾನ್ಮಾರ್ ವಿಷಯದಲ್ಲಿ ಹಂಗೇ ಆಯ್ತು, ರೊಹಿಂಗ್ಯಾ ಜನರ ಮೇಲಿನ ದೌರ್ಜನ್ಯದ ತನಿಖೆಗೆ ಅಂತ ಮಾಡಿದ ತಂಡಕ್ಕೆ ದೇಶದೊಳಗೆ ಪ್ರವೇಶನೇ ಸಿಗ್ಲಿಲ್ಲ, ಅವರು ಬಾಂಗ್ಲಾದೇಶದಂಥ ಕಡೆ ಓಡಿ ಬಂದವರನ್ನ ಮಾತಾಡ್ಸಿ, ಒಟ್ಟು 875 ಜನರ ಸಂದರ್ಶನ ಮಾಡಿ, ಸ್ಯಾಟಲೈಟ್ ಫೋಟೋದಲ್ಲಿ ಸುಟ್ಟ ಊರುಗಳನ್ನ ಹೊಂದಿಸಿ ನೋಡಿ 2018ರಲ್ಲಿ ವರದಿ ಕೊಟ್ರು. ಇಂಥ ಕೆಲಸ ಹೆಡ್‌ಲೈನ್ ಆಗಲ್ಲ, ಆದ್ರೆ ನನ್ನ ಪ್ರಕಾರ ವಿಶ್ವಸಂಸ್ಥೆ ಮಾಡೋದ್ರಲ್ಲಿ ಗಟ್ಟಿಯಾದ ಕೆಲಸ ಇದೇ, ಮುಂದೆ ಕೋರ್ಟಿಗೆ ಹೋದಾಗ ದಾಖಲೆ ಅಂತ ಕೈಲಿರೋದು ಇದು.

ಎಲ್ಲಾ ದೇಶನೂ ಪಾಲಿಸಲೇಬೇಕು ಅನ್ನೋ ತೀರ್ಮಾನ ಮಾಡೋ ಅಧಿಕಾರ ಇರೋದು ಭದ್ರತಾ ಮಂಡಳಿಗೆ. ಅಲ್ಲಿ ವೋಟಿನ ಲೆಕ್ಕ ನೋಡಿ. 15 ಸದಸ್ಯರು, ನಿರ್ಣಯ ಪಾಸಾಗೋಕೆ 9 ವೋಟ್ ಬೇಕು, ಜೊತೆಗೆ ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್ ಇಷ್ಟರಲ್ಲಿ ಒಬ್ಬರೂ ಬೇಡ ಅನ್ನಬಾರದು, ಅಂದ್ರೆ ಅದೇ ವೀಟೋ, ನಿರ್ಣಯ ಬಿದ್ದೋಗತ್ತೆ. ತಟಸ್ಥ ಉಳಿದ್ರೆ ಪರವಾಗಿಲ್ಲ, ಅದು ವೀಟೋ ಅಲ್ಲ. 2022ರ ಫೆಬ್ರವರಿ 25ಕ್ಕೆ ಉಕ್ರೇನ್ ಮೇಲಿನ ದಾಳಿ ನಿಲ್ಸಿ ಅನ್ನೋ ನಿರ್ಣಯಕ್ಕೆ 11 ವೋಟ್ ಬಿತ್ತು, ಭಾರತ, ಚೀನಾ, ಯುಎಇ ತಟಸ್ಥ, ರಷ್ಯಾ ಒಂದೇ ವಿರುದ್ಧ, ನಿರ್ಣಯ ಸತ್ತೋಯ್ತು. ಮಜಾ ಏನಂದ್ರೆ ಆ ತಿಂಗಳು ಮಂಡಳಿಯ ಅಧ್ಯಕ್ಷತೆ ಸರದಿ ಪ್ರಕಾರ ರಷ್ಯಾದ್ದೇ, ದಾಳಿ ಮಾಡಿದವರೇ ಸಭೆ ನಡೆಸಿದ್ದು! ಗಾಜಾ ವಿಷಯದಲ್ಲಿ ಇದೇ ಕೆಲಸ ಅಮೆರಿಕದ್ದು, 2023ರ ಡಿಸೆಂಬರ್ 8ಕ್ಕೆ 13 ದೇಶ ಕದನ ವಿರಾಮ ಬೇಕು ಅಂದ್ರೂ ಅವರೊಬ್ಬರ ಕೈ ಎದ್ದಿದ್ದಕ್ಕೆ ಮುಗೀತು. ಹಂಗಾಗಿ "ವಿಶ್ವಸಂಸ್ಥೆ ಫೇಲ್" ಅನ್ನೋಕ್ ಮುಂಚೆ ಕೈ ಎತ್ತಿದ್ದು ಯಾರು ಅಂತ ಹುಡುಕಿ, ಬೈಯೋದಿದ್ರೆ ಅವರ ಹೆಸರು ಹಿಡಿದು ಬೈಯಿರಿ.

ವೀಟೋ ಬಿದ್ದ ಮೇಲೆ ವಿಷಯ ಅಲ್ಲಿಗೇ ನಿಲ್ಲಲ್ಲ, ಅಸೆಂಬ್ಲಿಗೆ ಹೋಗಬಹುದು. ಉಕ್ರೇನ್‌ದು ಹೋಯ್ತು, ಮಾರ್ಚ್ 2ಕ್ಕೆ 141 ದೇಶ ಪರ, 5 ವಿರುದ್ಧ, 35 ತಟಸ್ಥ. ಅದೇ ವರ್ಷ ಏಪ್ರಿಲ್‌ನಲ್ಲಿ ಯುರೋಪಿನ ಪುಟಾಣಿ ದೇಶ ಲಿಕ್ಟೆನ್‌ಸ್ಟೈನ್ ಮುಂದೆ ನಿಂತು ಒಂದು ನಿಯಮ ತಂತು, ಯಾರೇ ವೀಟೋ ಹಾಕಿದ್ರೂ 10 ಕೆಲಸದ ದಿನದೊಳಗೆ ಅಸೆಂಬ್ಲಿ ಸೇರಿ ಅದರ ಬಗ್ಗೆ ಚರ್ಚೆ ಮಾಡ್ಬೇಕು. ವೀಟೋ ಹೋಗ್ಲಿಲ್ಲ, ಕಾರಣ ಕೇಳೋಕೊಂದು ಜಾಗ ಅಂತೂ ಆಯ್ತು.

ಪಾಸಾಯ್ತು ಅಂದ್ರೆ ಒಳಗಿನ ಭಾಷೆ ಓದಿ. 2024ರ ಮಾರ್ಚ್ 25ಕ್ಕೆ 2728ನೇ ನಿರ್ಣಯ, ರಂಜಾನ್ ತಿಂಗಳಿಗೆ ಗಾಜಾದಲ್ಲಿ ತಕ್ಷಣ ಕದನ ವಿರಾಮ ಆಗ್ಬೇಕು ಅಂತ 14 ವೋಟಲ್ಲಿ ಪಾಸಾಯ್ತು, ಅಮೆರಿಕ ತಟಸ್ಥ ಉಳೀತು, ಉಳಿದು ಅವತ್ತೇ "ಇದು ಪಾಲಿಸಲೇಬೇಕಾದ್ದಲ್ಲ" ಅಂತು. ಬೇರೆಯವರು ಚಾರ್ಟರಿನ, ಅಂದ್ರೆ ವಿಶ್ವಸಂಸ್ಥೆಯ ಮೂಲ ಒಪ್ಪಂದದ, 25ನೇ ವಿಧಿ ತೋರಿಸಿ ಇಲ್ಲ ಪಾಲಿಸಲೇಬೇಕು ಅಂದ್ರು, ಅಷ್ಟರಲ್ಲಿ ರಂಜಾನೂ ಮುಗೀತು, ಯುದ್ಧ ನಿಲ್ಲಲಿಲ್ಲ. ಇನ್ನೊಂದು ಮುಖ್ಯವಾದ ಮಾತು "ಅಗತ್ಯವಿರುವ ಎಲ್ಲ ಕ್ರಮ", ಇದು ಕಂಡ್ರೆ ಬಲಪ್ರಯೋಗಕ್ಕೆ ಪರ್ಮಿಷನ್ ಅಂತ. 2011ರಲ್ಲಿ ಲಿಬಿಯಾ ನಾಗರಿಕರ ರಕ್ಷಣೆಗೆ ಅಂತ 1973ನೇ ನಿರ್ಣಯದಲ್ಲಿ ಇದೇ ಬರೆದ್ರು, ರಷ್ಯಾ ಚೀನಾ ತಟಸ್ಥ, ಭಾರತನೂ ತಟಸ್ಥ. ಕೊನೆಗೆ ಅಲ್ಲಿನ ಗಡಾಫಿ ಸರ್ಕಾರನೇ ಬಿತ್ತು. ಅವತ್ತಿಂದ ರಷ್ಯಾ ಚೀನಾ ನಾವು ಮೋಸ ಹೋದ್ವಿ ಅನ್ನೋ ರಾಗ ಹಿಡಿದ್ರು, ಅದೇ ವರ್ಷ ಅಕ್ಟೋಬರ್‌ನಲ್ಲಿ ಸಿರಿಯಾ ವಿಷಯ ಬಂದಾಗ ಇಬ್ರೂ ಸೇರಿ ವೀಟೋ.

ಸೈನ್ಯ ಕಳಿಸ್ತಾರೆ ಅಂತ ನ್ಯೂಸ್ ಬಂದ್ರೆ ಎಷ್ಟು ಜನ, ಯಾವ ದೇಶದವರು, ಏನ್ ಮಾಡೋಕೆ ಪರ್ಮಿಷನ್ ಇದೆ, ಈ ಮೂರೂ ಕೇಳಿ. ಬೋಸ್ನಿಯಾದ ಸ್ರೆಬ್ರೆನಿತ್ಸಾನ 1993ರಲ್ಲಿ ಸುರಕ್ಷಿತ ಪ್ರದೇಶ ಅಂತ ಘೋಷಿಸಿದ್ರು. ಅಂಥ ಪ್ರದೇಶಗಳನ್ನೆಲ್ಲ ಕಾಯೋಕೆ ಸುಮಾರು 34,000 ಸೈನಿಕರು ಬೇಕು ಅಂತ ಅಂದಾಜಿತ್ತು, ಮಂಡಳಿ ಒಪ್ಪಿದ್ದು 7,600. 1995ರ ಜುಲೈನಲ್ಲಿ ಬೋಸ್ನಿಯನ್ ಸರ್ಬ್ ಸೈನ್ಯ ನುಗ್ಗಿದಾಗ ಅಲ್ಲಿದ್ದಿದ್ದು ವಿಶ್ವಸಂಸ್ಥೆ ಪಡೆಯ, ಹಗುರ ಬಂದೂಕಿನ ಕೆಲವು ನೂರು ಡಚ್ಚರು ಅಷ್ಟೇ, ಸರ್ಬ್ ಸೈನ್ಯದವರು 8,000ಕ್ಕೂ ಜಾಸ್ತಿ ಗಂಡಸರು, ಹುಡುಗರನ್ನ ಕೊಂದ್ರು. ಹಂಗಂತ ಎಲ್ಲಾ ಕಡೆ ಹಿಂಗೇ ಅಂತಲ್ಲ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ 1964ರಿಂದ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆ ಪಡೆ ನಡೆಸಿದವರು, 1965ರ ಡಿಸೆಂಬರ್‌ನಲ್ಲಿ ತೀರಿಕೊಂಡಿದ್ದೂ ಅಲ್ಲೇ, ಆ ಪಡೆ ಇವತ್ತಿಗೂ ಅಲ್ಲಿದೆ. ಅಲ್ಲಿನ ಗ್ರೀಕರು, ತುರ್ಕರು ಎರಡೂ ಕಡೆಯವರನ್ನ ದೂರ ಇಡತ್ತೆ, ಜಗಳ ಮಾತ್ರ ಬಗೆಹರಿದಿಲ್ಲ. ಆಮೇಲೆ ಆ ದೇಶದ ಒಪ್ಪಿಗೆನೂ ಬೇಕು, 2023ರಲ್ಲಿ ಮಾಲಿ ಸರ್ಕಾರ ಹೊರಡಿ ಅಂತು, ಆ ವರ್ಷದ ಕೊನೆಗೆ ಮಿಷನ್ ಗಂಟುಮೂಟೆ ಕಟ್ತು.

ಕೋರ್ಟ್ ನ್ಯೂಸ್ ಆದ್ರೆ ಯಾವ ಕೋರ್ಟ್ ಅಂತ ನೋಡಿ, ಹೇಗ್‌ನಲ್ಲಿ ಎರಡಿವೆ, ಟಿವಿಯವರೇ ಕಲಸಿಬಿಡ್ತಾರೆ. ಐಸಿಜೆ (ಅಂತಾರಾಷ್ಟ್ರೀಯ ನ್ಯಾಯಾಲಯ) ದೇಶ ದೇಶದ ಕೇಸಿಗೆ, ಐಸಿಸಿ (ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ) ವ್ಯಕ್ತಿಗಳಿಗೆ, ಈ ಐಸಿಸಿ ವಿಶ್ವಸಂಸ್ಥೆ ಭಾಗನೂ ಅಲ್ಲ, ಭಾರತ ಅದಕ್ಕೆ ಸೇರಿಲ್ಲ. ಐಸಿಸಿಗೆ ಪೊಲೀಸ್ ಇಲ್ಲ, ಸದಸ್ಯ ದೇಶಗಳೇ ಹಿಡಿದುಕೊಡ್ಬೇಕು. ಪುಟಿನ್ ಮೇಲೆ 2023ರ ಮಾರ್ಚಲ್ಲಿ ವಾರಂಟ್ ಬಂತು, ಮರುವರ್ಷ ಸೆಪ್ಟೆಂಬರ್‌ನಲ್ಲಿ ಸದಸ್ಯ ದೇಶ ಮಂಗೋಲಿಯಾಗೇ ಹೋಗಿ ಮರ್ಯಾದೆ ಮಾಡಿಸ್ಕೊಂಡು ವಾಪಸ್ ಬಂದ್ರು. ಅದೇ ಫಿಲಿಪೈನ್ಸ್‌ನ ಮಾಜಿ ಅಧ್ಯಕ್ಷ ಡುಟೆರ್ಟೆ, ಊರಲ್ಲಿ ಸರ್ಕಾರ ಬದಲಾಗಿ ಹೊಸಬರ ಜೊತೆ ಕೆಟ್ಟ ಮೇಲೆ, 2025ರ ಮಾರ್ಚಲ್ಲಿ ಮನಿಲಾ ಏರ್‌ಪೋರ್ಟಲ್ಲೇ ಸಿಕ್ಕಿಬಿದ್ದು ಹೇಗ್ ಸೇರಿದ್ರು. ಹಂಗಾಗಿ ವಾರಂಟ್ ಸುದ್ದಿ ಬಂದ್ರೆ ಆ ಮನುಷ್ಯನ ಊರಿನ ರಾಜಕೀಯ ಹೆಂಗಿದೆ ಅಂತನೂ ಸ್ವಲ್ಪ ನೋಡಿ.

ಇದೆಲ್ಲಾ ಚೆಕ್ ಮಾಡೋದು ಕಷ್ಟ ಏನಲ್ಲ. ವಿಶ್ವಸಂಸ್ಥೆಯ ಡಿಜಿಟಲ್ ಲೈಬ್ರರಿಲಿ ಯಾವ ದೇಶ ಹೆಂಗೆ ವೋಟ್ ಹಾಕ್ತು ಅಂತ ಫ್ರೀಯಾಗೇ ಸಿಗತ್ತೆ. ದಾಖಲೆ ನಂಬರ್ 'ಎಸ್' ಇಂದ ಶುರುವಾದ್ರೆ ಭದ್ರತಾ ಮಂಡಳಿದು, 'ಎ' ಇದ್ರೆ ಅಸೆಂಬ್ಲಿದು, 'ಎ' ಆದ್ಮೇಲೆ 'ಎಚ್‌ಆರ್‌ಸಿ' ಅಂತ ಬಂದ್ರೆ ಮಾನವ ಹಕ್ಕು ಮಂಡಳಿದು. ನಂಬರೇ ಇಲ್ಲದ ಫಾರ್ವರ್ಡ್ ಬಂದ್ರೆ ಕಳಿಸಿದವರನ್ನೇ ಕೇಳಿ.