ಪ್ಯಾಡ್ ಹಾಕಿದ್ದು ಹತ್ತು ನಿಮಿಷ, ಪಿನ್ ಬಿಡಿಸಿದ್ದು ಅರ್ಧ ದಿನ

ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗಿ ಬಂದ ಮೇಲೆ ಸದ್ದು ಶುರುವಾಯಿತು. ಬ್ರೇಕ್ ಒತ್ತಿದರೆ ಹಿಂದಿನ ಎಡಗಡೆಯಿಂದ ಕರಕರ. ಮಳೆಗಾಲದ ಕೆಂಪು ಕೆಸರು ಕೂತಿರಬೇಕು, ತಾನೇ ಹೋಗುತ್ತದೆ ಅಂದುಕೊಂಡು ಒಂದು ವಾರ ಸುಮ್ನೆ ಓಡಿಸಿದೆ. ಒಂದು ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದ ಅವ್ವ, "ಏನೋ ತಮ್ಮಾ, ಗಾಡಿ ಅನ್ನೂದು ಹಿಟ್ಟಿನ ಗಿರಣಿ ಆಗೇತಲ್ಲೋ" ಅಂದಳು. ಆ ಭಾನುವಾರವೇ ಚಕ್ರ ಬಿಚ್ಚಿದೆ.

ನನ್ನದು ಹಳೆಯ ಸ್ಕೋಡಾ ಲಾರಾ. ಹಿಂದೆಯೂ ಡಿಸ್ಕ್ ಬ್ರೇಕ್, ಅಂದರೆ ಚಕ್ರದ ಜೊತೆ ತಿರುಗೋ ತಟ್ಟೆಯನ್ನು ಎರಡೂ ಬದಿಯಿಂದ ಒಂದೊಂದು ಪ್ಯಾಡ್ ಒತ್ತಿ ನಿಲ್ಲಿಸುತ್ತದೆ. ನಿಮ್ಮದು ಸ್ವಿಫ್ಟ್, ವ್ಯಾಗನ್‌ಆರ್ ಥರದ್ದಾಗಿದ್ದರೆ ಹಿಂದೆ ಡ್ರಮ್ ಇರುತ್ತದೆ, ಅದರ ಲೈನರ್ ಬದಲಿಸೋ ಕೆಲಸವೇ ಬೇರೆ.

ಬಿಚ್ಚಿ ನೋಡಿದರೆ ಹೊರಗಿನ ಪ್ಯಾಡ್ ಇನ್ನೂ 5 ಮಿಮೀ ಇದೆ. ಒಳಗಿನದು ಮುಗಿದೇ ಹೋಗಿದೆ, ಒಂದು ಮೂಲೆಯಲ್ಲಿ ಪ್ಯಾಡಿನ ಬೆನ್ನಿಗಿರೋ ತಗಡು ಡಿಸ್ಕ್‌ಗೆ ಮುಟ್ಟುತ್ತಿದೆ. 2 ಮಿಮೀಗೆ ಇಳಿದಾಗಲೇ ಬದಲಿಸಬೇಕಿತ್ತು. ಆದರೆ ನನ್ನ ತಲೆ ಕೆಡಿಸಿದ್ದು ಸವೆತ ಅಲ್ಲ. ಒಂದೇ ಚಕ್ರದ ಎರಡು ಪ್ಯಾಡ್ ನಡುವೆ ಇಷ್ಟು ವ್ಯತ್ಯಾಸ ಯಾಕೆ?

ಈ ಕ್ಯಾಲಿಪರ್‌ನಲ್ಲಿ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತೋ ಇಕ್ಕಳದಂಥ ಭಾಗ) ಪಿಸ್ಟನ್ ಇರೋದು ಒಳಗಡೆ ಮಾತ್ರ. ಅದು ಒಳಗಿನ ಪ್ಯಾಡನ್ನು ಡಿಸ್ಕ್‌ಗೆ ಒತ್ತುತ್ತದೆ. ಆಮೇಲೆ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳುತ್ತದೆ. ಪಿನ್ ಜಾಮ್ ಆದರೆ ಜಾರುವ ಮಾತೇ ಇಲ್ಲ, ದುಡಿಮೆ ಎಲ್ಲ ಒಳಗಿನ ಪ್ಯಾಡಿನ ಪಾಲಿಗೆ. ಒಂದೂವರೆ ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ಇದೇ ಪ್ಯಾಡ್ ಹಾಕಿಸಿದ್ದೆ. ಕಾರು ಬಿಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಆಗ ಖುಷಿಪಟ್ಟಿದ್ದೆ.

ನಾನು ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕೆಲಸ ಮಾಡುವವನು. ಹೀಗಾಗಿ ಕೆಲವು ಅನುಕೂಲ ಇತ್ತು. ಪಿನ್‌ಗೆ ಕೂಡಿಸಿದ 13ರ ಬೋಲ್ಟ್ ಬಿಚ್ಚುವಾಗ ಪಿನ್ ಜೊತೆಗೇ ತಿರುಗುತ್ತದೆ. ಅದನ್ನು 15ರ ಪಾನಾದಿಂದ ಹಿಡಿದುಕೊಳ್ಳಬೇಕು. ಆದರೆ ಸಾದಾ ಪಾನಾದ ಮೂತಿ ದಪ್ಪ, ಆ ಸಂದಿಗೆ ಹೋಗಲ್ಲ. ಹಳೆಯ ಪಾನಾ ಒಂದನ್ನು ಗ್ರೈಂಡರ್‌ಗೆ ಹಿಡಿದು ತೆಳ್ಳಗೆ ಉಜ್ಜಿಕೊಂಡೆ.

ಎರಡನೆಯದು ಪಿಸ್ಟನ್ ತಿರುಗಿಸೋ ಟೂಲ್. ಮುಂದಿನ ಬ್ರೇಕ್ ಮಾಡಿದವರು ಹಿಂದಿನದರಲ್ಲಿ ಸೋಲೋದು ಇಲ್ಲೇ. ಮುಂದಿನ ಪಿಸ್ಟನ್ ಸಿ-ಕ್ಲ್ಯಾಂಪ್ ಹಾಕಿ ಒತ್ತಿದರೆ ಒಳಗೆ ಹೋಗುತ್ತದೆ. ಹಿಂದಿನದರೊಳಗೆ ಹ್ಯಾಂಡ್‌ಬ್ರೇಕಿನ ಸ್ಕ್ರೂ ಕೂತಿದೆ. ಸುಮ್ನೆ ಒತ್ತಿದರೆ ಹೋಗಲ್ಲ, ಜೋರು ಮಾಡಿದರೆ ಒಳಗಿನ ಯಂತ್ರವೇ ಹಾಳು. ಒತ್ತುತ್ತಾ ತಿರುಗಿಸಬೇಕು. ಪಿಸ್ಟನ್ ಮುಖದಲ್ಲಿ ಎದುರುಬದುರು ಎರಡು ಕಚ್ಚು ಇರುತ್ತವೆ. ನಮ್ಮ ಲೇತ್ ಹುಡುಗನಿಗೆ ಅಳತೆ ಕೊಟ್ಟೆ. "ಇದೇನ್ರೀ ಸರ್, ತಿಜೋರಿ ಕೀಲಿ ಮಾಡಸಾಕತ್ತೀರಿ?" ಅಂದ. ದುಂಡು ರಾಡಿನ ತುಂಡಿಗೆ ಎರಡು ಪಿನ್ ಕೂಡಿಸಿ, ಹಿಂದೆ ಪಾನಾ ಹಿಡಿಯಲು ಷಟ್ಕೋನ ತಲೆ ಮಾಡಿಕೊಟ್ಟ. ಇಂಥದ್ದು ಅಂಗಡಿಯಲ್ಲೂ ಸಿಗುತ್ತದೆ.

ಕೆಲಸಕ್ಕೆ ಹ್ಯಾಂಡ್‌ಬ್ರೇಕ್ ಇಳಿಸಿರಲೇಬೇಕು. ಆದ್ದರಿಂದ ಸಮತಟ್ಟು ಜಾಗ, ಮುಂದಿನ ಎರಡೂ ಟೈರಿಗೆ ಹಿಂದೆ ಮುಂದೆ ಇಟ್ಟಿಗೆ, ಗೇರಿನಲ್ಲಿ ಗಾಡಿ. ಜಾಕ್ ಎತ್ತಿದ ಮೇಲೆ ಸ್ಟ್ಯಾಂಡ್ ಇಟ್ಟೆ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಬಿಚ್ಚಿದ ಚಕ್ರವನ್ನೂ ಕಾರಿನಡಿ ಅಡ್ಡ ಮಲಗಿಸಿದೆ.

ಕ್ಯಾಲಿಪರ್ ಬಿಚ್ಚಿ ಸ್ಪ್ರಿಂಗಿಗೆ ತಂತಿಯಿಂದ ಕಟ್ಟಿದೆ. ಅದು ಹೋಸ್ ಪೈಪಿನ ಮೇಲೆ ಜೋತಾಡಬಾರದು. ಆಮೇಲೆ ಪಿನ್ ಎಳೆದೆ. ಮೇಲಿನದು ಬಂತು. ಕೆಳಗಿನದು ಅಲುಗಾಡಲಿಲ್ಲ. ಒಂದು ಗಂಟೆ ಎಣ್ಣೆ ಹೊಡೆಯುತ್ತಾ, ಪಾನಾದಿಂದ ಸ್ವಲ್ಪ ಆ ಕಡೆ ಸ್ವಲ್ಪ ಈ ಕಡೆ ತಿರುಗಿಸುತ್ತಾ ಕೂತೆ. ಸುತ್ತಿಗೆ ಎತ್ತಬೇಕು ಅನ್ನಿಸಿತ್ತು, ಎತ್ತಲಿಲ್ಲ. ಮಧ್ಯಾಹ್ನದ ಊಟ ಮಾಡಿ ಬಂದು ಮತ್ತೆ ತಿರುಗಿಸಿದಾಗ 'ಪುಸ್' ಅಂತ ಹೊರಗೆ ಬಂತು. ತುದಿಯಲ್ಲಿ ತುಕ್ಕು, ಮೇಲೆ ಡಾಂಬರಿನಂತೆ ಗಟ್ಟಿಯಾದ ಗ್ರೀಸ್, ಪಿನ್ ಮುಚ್ಚೋ ರಬ್ಬರ್ ಬೂಟ್ ಉಬ್ಬಿ ಸಡಿಲಾಗಿದೆ. ಅಲ್ಲಿಗೆ ಕಾರಣ ಸಿಕ್ಕಿತು. ಯಾರೋ ಬೇರಿಂಗಿಗೆ ಹಾಕೋ ಸಾದಾ ಗ್ರೀಸ್ ಬಳಿದಿದ್ದರು. ಪೆಟ್ರೋಲಿಯಂ ಗ್ರೀಸ್ ಈ ರಬ್ಬರನ್ನು ಉಬ್ಬಿಸುತ್ತದೆ. ಬೂಟ್ ಸಡಿಲಾದ ಮೇಲೆ ಬೆಳಗಾವಿ ಮಳೆಗೆ ಒಳಗೆ ಹೋಗಲು ಹೇಳಿಕೊಡಬೇಕಾ?

ಪಿನ್ ಉಜ್ಜಿ, ರಂಧ್ರದೊಳಗೆ ಬಟ್ಟೆ ತೂರಿಸಿ ಒರೆಸಿದೆ. ನಾನೂ ಎಣ್ಣೆ ಹೊಡೆದಿದ್ದೆನಲ್ಲ, ಅದರ ಪಸೆಯೂ ಉಳಿಯಬಾರದು. ಹೊಸ ಬೂಟ್, ಸಿಲಿಕೋನ್ ಗ್ರೀಸ್, ಅದೂ ತೆಳುವಾಗಿ. ಈಗ ಪಿನ್ ಒಂದು ಬೆರಳಿಗೆ ಜಾರುತ್ತಿತ್ತು. ಪ್ಯಾಡ್ ಕೂರುವ ಬ್ರಾಕೆಟ್‌ನ ಅಂಚಿನ ತುಕ್ಕನ್ನೂ ವೈರ್ ಬ್ರಷ್‌ನಿಂದ ತೆಗೆದೆ. ಬ್ರೇಕಿನ ಧೂಳನ್ನು ಮಾತ್ರ ಊದಬೇಡಿ, ಬ್ರೇಕ್ ಕ್ಲೀನರ್ ಹೊಡೆದು ಒದ್ದೆ ಮಾಡಿ ಒರೆಸಿ.

ಡಿಸ್ಕ್ ಅಳೆಯುವಾಗ ಒಂದು ಯುಕ್ತಿ ಬಳಸಿದೆ. ಅಂಚಿನಲ್ಲಿ ಸವೆಯದ ದಿಣ್ಣೆ ಉಳಿದಿರುತ್ತದೆ, ದಪ್ಪ ಅಳೆಯೋ ವರ್ನಿಯರ್ ನೇರ ಹಿಡಿದರೆ ಅದೇ ಅಳತೆ ಬರುತ್ತದೆ. ಎರಡೂ ಬದಿಗೆ ಒಂದೊಂದು ನಾಣ್ಯ ಇಟ್ಟು ಅಳೆದು, ನಾಣ್ಯಗಳ ದಪ್ಪ ಕಳೆದೆ. 9.1 ಮಿಮೀ. ನನ್ನ ಡಿಸ್ಕ್‌ಗೆ ಕನಿಷ್ಠ 8 ಇರಬೇಕು. ತಗಡು ಮುಟ್ಟಿದ ಕಡೆ ಗೀರು ಬಿದ್ದಿತ್ತು, ಉಗುರು ಸಿಗುವಷ್ಟು ಆಳ ಇರಲಿಲ್ಲ. ಬಿಟ್ಟೆ. ಡಿಸ್ಕ್ ಅಂದರೆ ನಾವು ದಿನಾ ಎರಕ ಹೊಯ್ಯೋ ಬೀಡು ಕಬ್ಬಿಣವೇ. ಒಂದು ರಾತ್ರಿ ಮಳೆಯಲ್ಲಿ ನಿಂತರೆ ಕೇಸರಿ ಬಣ್ಣ ಬರುತ್ತದೆ, ಎರಡು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಅದಕ್ಕೆ ಹೆದರಬೇಡಿ.

ಪಿಸ್ಟನ್ ತಿರುಗಿಸೋದು ಸರಾಗವಾಗಿ ಆಯಿತು. ಟೂಲನ್ನು ಅಂಗೈಯಿಂದ ಒತ್ತುತ್ತಾ ಪಾನಾ ತಿರುಗಿಸಿದೆ. ನನ್ನ ಕಾರಿನಲ್ಲಿ ಎರಡೂ ಕಡೆ ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೇ. ಕೆಲವು ಕಾರುಗಳಲ್ಲಿ ಒಂದು ಕಡೆ ಉಲ್ಟಾ ಇರುತ್ತದೆ, ನೋಡಿಕೊಳ್ಳಿ. ಪಿಸ್ಟನ್ ಸುತ್ತಲಿನ ರಬ್ಬರ್ ಜೊತೆಗೇ ಹಿಂಡಿಕೊಂಡು ತಿರುಗಬಾರದು. ಪಿಸ್ಟನ್ ಒಳಗೆ ಹೋದಂತೆ ಬಾನೆಟ್ ಕೆಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತದೆ. ಮೊದಲೇ ಸಿರಿಂಜಿನಿಂದ ಒಂದಿಷ್ಟು ತೆಗೆದಿದ್ದೆ. ಅದು ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ.

ಪ್ಯಾಡ್ ಕೂಡಿಸಿದೆ. ಪ್ಯಾಡಿನ ಡಬ್ಬಿಯಲ್ಲೇ ಹೊಸ ಬೋಲ್ಟ್ ಬಂದಿದ್ದವು, ಹಳೆಯವನ್ನು ಮತ್ತೆ ಹಾಕಲಿಲ್ಲ. 35 ನ್ಯೂಟನ್ ಮೀಟರ್ ಟಾರ್ಕ್. ಚಕ್ರದ ಬೋಲ್ಟ್‌ಗೆ 120. ಒಂದು ಕಡೆ ಪೂರ್ತಿ ಮುಗಿಸಿದ ಮೇಲೇ ಬಲಗಡೆ ಕೈ ಹಚ್ಚಿದೆ. ಏನಾದರೂ ಮರೆತರೆ ನೋಡಿಕೊಳ್ಳಲು ಇನ್ನೊಂದು ಕಡೆ ಜೋಡಿಸಿದ್ದು ಇರಬೇಕಲ್ವಾ. ಬಲಗಡೆ ಪಿನ್ ಸರಿಯಾಗಿಯೇ ಇದ್ದವು. ಆದರೂ ತೆಗೆದು ಒರೆಸಿ ಅದೇ ಗ್ರೀಸ್ ಹಾಕಿದೆ.

ಗಾಡಿ ಹೊರಡಿಸುವ ಮೊದಲು ಪೆಡಲ್ ಒತ್ತಬೇಕು. ಮೊದಲ ಸಲ ಕಾಲು ನೆಲಕ್ಕೇ ಹೋಯಿತು. ಹತ್ತು ಹನ್ನೆರಡು ಸಲ ಒತ್ತಿದ ಮೇಲೆ ಗಟ್ಟಿಯಾಯಿತು. ಹ್ಯಾಂಡ್‌ಬ್ರೇಕ್ ಎಳೆದದ್ದು ಆಮೇಲೆ. ಡಬ್ಬಿಯಲ್ಲಿ ಆಯಿಲ್ ಮಟ್ಟ ನೋಡಿ ಮುಚ್ಚಿದೆ.

ಮರುದಿನ ನಸುಕಿನಲ್ಲಿ ಪೀರನವಾಡಿ ದಾಟಿ ಜಾಂಬೋಟಿ ರಸ್ತೆ ಹಿಡಿದೆ. ಹೊಸ ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳಲಿ ಅಂತ ವೇಗ 60ರಿಂದ 20ಕ್ಕೆ ಮೆಲ್ಲಗೆ ಇಳಿಸೋದು, ಒಂದಿಷ್ಟು ದೂರ ಬ್ರೇಕ್ ಮುಟ್ಟದೆ ಓಡಿಸಿ ಆರಲು ಬಿಡೋದು, ಮತ್ತೆ ಅದೇ. ಎಂಟು ಹತ್ತು ಸಲ. ಹೊಸ ಪ್ಯಾಡಿನ ಸುಟ್ಟ ವಾಸನೆ ಬಂತು, ಕರಕರ ಇಲ್ಲ. ರಸ್ತೆ ಬದಿಗೆ ನಿಲ್ಲಿಸಿ ಹಿಂದಿನ ಎರಡೂ ಚಕ್ರದ ಹತ್ತಿರ, ಮುಟ್ಟದೆ, ಅಂಗೈ ಹಿಡಿದು ನೋಡಿದೆ. ಮೊದಲು ಎಡಗಡೆ ಮಾತ್ರ ಕಾವಲಿಯಂತೆ ಕಾಯುತ್ತಿತ್ತು. ಈಗ ಎರಡೂ ಕಡೆ ಒಂದೇ ಬಿಸಿ.