ವಾಡಿಯ ಆಂಟಿಯ ಎರಡು ಪದರದ ಜೆಲ್ಲಿ

ನಮ್ಮ ಅಪ್ಪ ವಾಡಿ ಜಂಕ್ಷನ್ನಿನಲ್ಲಿ ಗಾರ್ಡ್ ಆಗಿದ್ದರು. ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆ ಒಬ್ಬ ಆಂಗ್ಲೋ-ಇಂಡಿಯನ್ ಆಂಟಿಯದು. ಪ್ರತಿ ಕ್ರಿಸ್‌ಮಸ್ಸಿಗೆ ಅವರ ಮನೆಯಿಂದ ಒಂದು ತಟ್ಟೆ ಬರುತ್ತಿತ್ತು. ಅದರ ಮೇಲೆ ಕೋಟೆಯ ಬುರುಜಿನ ಹಾಗೆ ಏಣೇಣು ಇರುವ ಒಂದು ಸಿಹಿ. ಕೆಳಗೆ ಬಿಳಿ, ಮೇಲೆ ಕಿತ್ತಳೆ ಬಣ್ಣ. ಒಳಗಿನ ದ್ರಾಕ್ಷಿ ಗಾಜಿನಲ್ಲಿ ಕೂತ ಹಾಗೆ ಕಾಣುತ್ತಿತ್ತು. ಅವ್ವ ತಟ್ಟೆ ಹಿಡಿದು ನಡೆದರೆ ಅವಳ ಒಂದೊಂದು ಹೆಜ್ಜೆಗೂ ಅದು ಅಲುಗುತ್ತಿತ್ತು.

ಊರು ಬಿಡುವಾಗ ಆಂಟಿ ಆ ಜರ್ಮನ್ (ಅಲ್ಯೂಮಿನಿಯಂ) ಅಚ್ಚನ್ನೂ ಒಂದು ಚೀಟಿಯನ್ನೂ ಅವ್ವನ ಕೈಗೆ ಕೊಟ್ಟು ಹೋದರು. ಎಷ್ಟೋ ವರ್ಷ ಅಟ್ಟದ ಮೇಲಿದ್ದ ಅವು ಈಗ ಕಲಬುರಗಿಯಲ್ಲಿ ನನ್ನ ಹತ್ತಿರ ಇವೆ. ಮೂರು ಚಳಿಗಾಲ ಮಾಡಿ ನೋಡಿದ ಮೇಲೆ ಈಗ ಧೈರ್ಯವಾಗಿ ಹೇಳಬಲ್ಲೆ, ಇದನ್ನು ನಮ್ಮ ಊರಿನಲ್ಲೂ ಚೆನ್ನಾಗಿ ಮಾಡಬಹುದು. ಆದರೆ ಶಾಖದ ಲೆಕ್ಕ ಗೊತ್ತಿರಬೇಕು.

ಈ ಜೆಲ್ಲಿ ಗಟ್ಟಿಯಾಗುವುದು ಜೆಲಟಿನ್‌ನಿಂದ, ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಪ್ರೋಟೀನಿನಿಂದ. ರಾತ್ರಿ ಉಳಿದ ಪಾಯಾ (ಕಾಲಿನ ಸಾರು) ಬೆಳಗ್ಗೆ ಪಾತ್ರೆಯಲ್ಲಿ ಗಟ್ಟಿಯಾಗಿ ಅಲುಗಾಡುತ್ತದಲ್ಲ, ಅದು ಇದರಿಂದಲೇ. ಹಿಂದೆ ವಿಲಾಯ್ತಿಯಲ್ಲಿ ಕರುವಿನ ಕಾಲನ್ನು ಗಂಟೆಗಟ್ಟಲೆ ಕುದಿಸಿ, ಸೋಸಿ, ಇಂಥ ಸಿಹಿ ಮಾಡುತ್ತಿದ್ದರು. ಪುಡಿ ಜೆಲಟಿನ್ ಬಂದ ಮೇಲೆ ಆ ಕಷ್ಟ ತಪ್ಪಿತು. ಅಮೆರಿಕದಲ್ಲಿ 1897ರಲ್ಲಿ ಪರ್ಲ್ ವೇಟ್ ಎಂಬ ಬಡಗಿ ಪುಡಿಗೆ ಸಕ್ಕರೆ, ಹಣ್ಣಿನ ರುಚಿ ಸೇರಿಸಿ ಜೆಲ್-ಓ ಮಾಡಿದ. ಆಂಟಿಯದು ಅದಲ್ಲ. ಅವರದು ಸಾದಾ ಜೆಲಟಿನ್, ನಿಜವಾದ ಹಣ್ಣಿನ ರಸ. ರುಚಿಗೆ ಇದೇ ಮೇಲು.

ಜೆಲಟಿನ್ ಸುಮಾರು 35 ಡಿಗ್ರಿಗೆ ಕರಗುತ್ತದೆ. ನಮ್ಮ ಮೈಯ ಬಿಸಿ 37. ಅದಕ್ಕೇ ಬಾಯಿಗೆ ಇಟ್ಟ ಕೂಡಲೇ ಅದು ಕರಗುವುದು, ಇದರ ಸುಖ ಇರುವುದೇ ಅಲ್ಲಿ. ಆದರೆ ಮೇ ತಿಂಗಳಲ್ಲಿ ಕಲಬುರಗಿ 40 ದಾಟುತ್ತದೆ ಅಲ್ವಾ? ಆಗ ಬಾಯಿಯವರೆಗೆ ಬರುವುದಕ್ಕೇ ಬಿಡುವುದಿಲ್ಲ, ತಟ್ಟೆಯಲ್ಲೇ ಶರಬತ್ತು. ಡಿಸೆಂಬರ್, ಜನವರಿಯಲ್ಲಿ ಮಾಡಿ. ಆಂಟಿಯ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಚಳಿಯ ರಾತ್ರಿ ಹಿತ್ತಲ ಶಹಾಬಾದಿ ಕಲ್ಲಿನ ಮೇಲೆ ತಣ್ಣೀರಿನ ಬೋಗುಣಿ ಇಟ್ಟು, ಅದರೊಳಗೆ ಅಚ್ಚು ಇಡುತ್ತಿದ್ದರು. ಬೆಕ್ಕು ಬಾಯಿ ಹಾಕಬಾರದು ಅಂತ ಮೇಲೆ ತಾಟು ಮುಚ್ಚಿ, ತಾಟಿನ ಮೇಲೆ ಕುಟ್ಟುವ ಕಲ್ಲು. ನೀವು ಫ್ರಿಜ್ಜಿನಲ್ಲೇ ಇಡಿ.

ಚೀಟಿಯಲ್ಲಿರುವುದು ಒಂದು ಔನ್ಸ್ ಜೆಲಟಿನ್, ಎರಡು ಪಿಂಟ್ ರಸ. ಹಳೆಯ ಅಡುಗೆ ಚೀಟಿ ಓದುವಾಗ ಇಲ್ಲಿ ಎಡವುವುದು ಸುಲಭ. ಬ್ರಿಟಿಷ್ ಪಿಂಟ್ 568 ಮಿಲಿ, ಅಮೆರಿಕದ ಪಿಂಟ್ 473 ಮಿಲಿ. ಆಂಟಿಯ ಮನೆತನ ಬ್ರಿಟಿಷರ ಕಾಲದಿಂದ ರೈಲ್ವೆಯದು. ಹಾಗಾಗಿ ನಾನು ಬ್ರಿಟಿಷ್ ಪಿಂಟೇ ಹಿಡಿದೆ. ಒಂದು ಔನ್ಸ್ ಅಂದರೆ 28 ಗ್ರಾಂ. ಲೆಕ್ಕ ಹಾಕಿದರೆ 400 ಮಿಲಿಗೆ ಹತ್ತಿರ ಹತ್ತಿರ 10 ಗ್ರಾಂ ಬರುತ್ತದೆ. ಬಟ್ಟಲಿನಲ್ಲೇ ತಿನ್ನುವುದಾದರೆ ಇನ್ನೂ ಕಡಿಮೆ ಸಾಕು. ಅಚ್ಚಿನಿಂದ ಬೋರಲು ಹಾಕಿದಾಗ ನಿಲ್ಲಬೇಕಾದರೆ ಇಷ್ಟು ಬೇಕೇ ಬೇಕು.

ಮೊದಲು ಅಚ್ಚಿಗೆ ನೀರು ತುಂಬಿ ಎಷ್ಟು ಹಿಡಿಯುತ್ತದೆ ಅಳೆಯಿರಿ. ನನ್ನದು ಒಂದು ಲೀಟರ್. ಅಚ್ಚು ಇಲ್ಲದಿದ್ದರೆ ಸ್ಟೀಲಿನ ಡಬ್ಬಿಯೂ ಆಗುತ್ತದೆ. ಹಳೆಯ ತಾಮ್ರದ ಅಚ್ಚು ಸಿಕ್ಕಿದರೆ ಒಳಗೆ ಕಲಾಯಿ ಚೆನ್ನಾಗಿರಬೇಕು, ಇಲ್ಲದಿದ್ದರೆ ಹುಳಿ ರಸ ಹಾಕಲೇಬೇಡಿ. ಅಚ್ಚು ಒರೆಸಿ, ವಾಸನೆ ಇಲ್ಲದ ಎಣ್ಣೆಯನ್ನು ಬೆರಳ ತುದಿಯಿಂದ ಏಣಿನ ಸಂದಿಗೂ ತಾಗುವಂತೆ ತೆಳ್ಳಗೆ ಸವರಿ. ನಮ್ಮ ಮನೆಯ ಶೇಂಗಾ ಎಣ್ಣೆ ಇಲ್ಲಿ ಬೇಡ, ಅದರ ವಾಸನೆ ಹಣ್ಣಿನ ಮೇಲೆ ಕೂರುತ್ತದೆ.

ಮೇಲಿನ ಪದರಕ್ಕೆ ನಾಲ್ಕೈದು ಕಿತ್ತಳೆ ಹಿಂಡಿ ಸೋಸಿ, ಒಂದು ಲಿಂಬೆಯ ರಸ ಸೇರಿಸಿ, ನೀರು ಹಾಕಿ 300 ಮಿಲಿ ಮಾಡಿಕೊಳ್ಳಿ. ಇನ್ನೊಂದು ಬಟ್ಟಲಿನಲ್ಲಿ 100 ಮಿಲಿ ತಣ್ಣೀರು. ಅದರ ಮೇಲೆ 10 ಗ್ರಾಂ ಜೆಲಟಿನ್, ಅಂದರೆ ಮೂರು ಟೀ ಚಮಚದಷ್ಟು, ಉಪ್ಪು ಉದುರಿಸಿದ ಹಾಗೆ ಉದುರಿಸಿ. ಒಂದೇ ಕಡೆ ಸುರಿದರೆ ಗಂಟು ಕಟ್ಟುತ್ತದೆ. ಹತ್ತು ನಿಮಿಷ ಮುಟ್ಟಬೇಡಿ. ಕಾಳು ಕಾಳಾಗಿದ್ದದ್ದು ನೀರು ಕುಡಿದು ಉಬ್ಬಿ, ನೆನೆದ ಸಾಬುದಾಣಿಯ ಹಾಗೆ ಆಗುತ್ತದೆ. ಆಮೇಲೆ ಬಟ್ಟಲನ್ನು ಬಿಸಿ ನೀರಿನ ಪಾತ್ರೆಯಲ್ಲಿಟ್ಟು ಚಮಚದಿಂದ ನಿಧಾನ ತಿರುಗಿಸಿ. ಚಮಚ ಎತ್ತಿ ನೋಡಿದರೆ ಹಿಂಬದಿಯಲ್ಲಿ ಒಂದು ಕಾಳೂ ಕಾಣಬಾರದು. ಕುದಿಸಬೇಡಿ, ಕುದಿಸಿದರೆ ಅದರ ಕಸುವು ಹೋಗುತ್ತದೆ. ಐದು ದೊಡ್ಡ ಚಮಚ ಸಕ್ಕರೆ ಇದರಲ್ಲೇ ಕರಗಿಸಿ, ರಸಕ್ಕೆ ಬೆರೆಸಿ.

ಅರ್ಧ ಇಂಚು ರಸ ಅಚ್ಚಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಅದು ಅಂಟಂಟಾದಾಗ ಬೀಜವಿಲ್ಲದ ದ್ರಾಕ್ಷಿ, ದಾಳಿಂಬೆ ಕಾಳು ಜೋಡಿಸಿ. ಈಗ ತಳದಲ್ಲಿರುವುದೇ ಕೊನೆಗೆ ಮೇಲೆ ಬರುವುದು, ಆದ್ದರಿಂದ ಸಮಾಧಾನವಾಗಿ ಜೋಡಿಸಿ. ಉಳಿದ ರಸವನ್ನು ಹೊರಗೇ ಇಟ್ಟುಕೊಂಡು, ಹಣ್ಣು ಕದಲದ ಹಾಗೆ ಚಮಚದಿಂದ ಹಾಕಿ.

ಬೇಯಿಸದ ಪಪ್ಪಾಯಿ, ಅನಾನಸ್, ಅಂಜೂರ, ಕಿವಿ ಹಣ್ಣು ಬೇಡವೇ ಬೇಡ. ಮೊದಲ ವರ್ಷ ನಾನು ಹಿತ್ತಲ ಅರೆಹಣ್ಣಾದ ಪಪ್ಪಾಯಿ ಹಾಕಿದ್ದೆ. ರಾತ್ರಿಯೆಲ್ಲ ಫ್ರಿಜ್ಜಿನಲ್ಲಿದ್ದರೂ ಬೆಳಗ್ಗೆ ನೀರು ನೀರು. ಆಮೇಲೆ ಹೊಳೆಯಿತು. ಮಟನ್ ಮೆತ್ತಗಾಗಲಿ ಅಂತ ಪಪ್ಪಾಯಿ ಅರೆದು ಹಚ್ಚುತ್ತೇವಲ್ಲ, ಮಾಂಸದ ಪ್ರೋಟೀನು ಕತ್ತರಿಸುವ ಅದೇ ಗುಣ ಜೆಲಟಿನ್ನನ್ನೂ ಕತ್ತರಿಸುತ್ತದೆ. ಡಬ್ಬಿಯ ಅನಾನಸ್ ಆಗುತ್ತದೆ, ಡಬ್ಬಿಗೆ ಹಾಕುವಾಗ ಬಿಸಿ ಮಾಡಿರುತ್ತಾರೆ, ಆಗ ಆ ಗುಣ ಹೋಗಿರುತ್ತದೆ.

ಬಿಳಿ ಪದರಕ್ಕೆ 100 ಮಿಲಿ ತಣ್ಣನೆ ಹಾಲಿನಲ್ಲಿ 10 ಗ್ರಾಂ ಜೆಲಟಿನ್ ನೆನೆಸಿ. 300 ಮಿಲಿ ಹಾಲಿಗೆ ನಾಲ್ಕು ಚಮಚ ಸಕ್ಕರೆ ಹಾಕಿ ಕಾಯಿಸಿ, ಇಳಿಸಿ, ಉಬ್ಬಿದ ಜೆಲಟಿನ್ ಅದರಲ್ಲಿ ಕರಗಿಸಿ, ಏಲಕ್ಕಿ ಹಾಕಿ. ಚೀಟಿಯಲ್ಲಿ ವೆನಿಲ್ಲಾ ಇದೆ, ನನಗೆ ಏಲಕ್ಕಿಯೇ ಇಷ್ಟ. ಈ ಹಾಲು ಪೂರ್ತಿ ಆರಬೇಕು. ಬೆರಳಿಟ್ಟರೆ ಬಿಸಿಯೂ ಅನಿಸಬಾರದು, ತಣ್ಣಗೂ ಅನಿಸಬಾರದು. ಬಿಸಿ ಇರುವಾಗ ಸುರಿದರೆ ಕೆಳಗಿನ ಪದರ ಕರಗಿ ಎರಡೂ ಕಲೆಯುತ್ತವೆ. ಕೆಳಗಿನದು ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ಎರಡು ಪದರ ಅಂಟಿಕೊಳ್ಳದೆ, ತೆಗೆಯುವಾಗ ಜಾರಿ ಬೇರೆಯಾಗುತ್ತವೆ. ಬೆರಳಿಗೆ ಅಂಟುವ ಹದವೇ ಸರಿ. ದೊಡ್ಡ ಚಮಚದ ಹಿಂಬದಿಯ ಮೇಲೆ ಹಾಲು ಬೀಳುವಂತೆ ಸುರಿಯಿರಿ. ಆಮೇಲೆ ಒಂದು ಪೂರ್ತಿ ರಾತ್ರಿ ಫ್ರಿಜ್ಜಿನಲ್ಲಿರಲಿ.

ನಮ್ಮ ಅತ್ತೆ ಮಾಂಸ ಮುಟ್ಟುವುದಿಲ್ಲ. ಜೆಲಟಿನ್ ಪೊಟ್ಟಣದ ಮೇಲಿನ ಕಂದು ಗುರುತು ನಾನೇ ಅವರಿಗೆ ತೋರಿಸಿದೆ, ಹೇಳದೆ ಬಡಿಸುವುದು ತಪ್ಪು. ಅವರಿಗೆ ಅಂತ ಬೇರೆ ಪಾತ್ರೆಯಲ್ಲಿ ಚೈನಾ ಗ್ರಾಸ್ ಮಾಡುತ್ತೇನೆ. ಅದು ಸಮುದ್ರದ ಪಾಚಿಯಿಂದ ಬರುವುದು. ಅದನ್ನು ಕುದಿಸಲೇಬೇಕು. 10 ಗ್ರಾಂ ನೆನೆಸಿ, ಒಂದು ಲೋಟ ನೀರಿನಲ್ಲಿ ಎಳೆ ಕಾಣದಷ್ಟು ಕುದಿಸಿ, ಅರ್ಧ ಲೀಟರ್ ಬಿಸಿ ಹಾಲಿಗೇ ಸೋಸಿ ಹಾಕಿ. ತಣ್ಣನೆ ಹಾಲಿಗೆ ಹಾಕಿದರೆ ಚೂರು ಚೂರಾಗಿ ಗಟ್ಟಿಯಾಗುತ್ತದೆ. ಬಾಯಲ್ಲಿ ಕರಗುವುದಿಲ್ಲ, ಮುರಿಯುತ್ತದೆ. ಅತ್ತೆಗೆ ಅದು ಬರ್ಫಿಯ ಹಾಗಿದೆ ಅಂತ ಇಷ್ಟ.

ಜೆಲ್ಲಿ ತೆಗೆಯುವಾಗ ಅವಸರ ಬೇಡ. ಒದ್ದೆ ಬೆರಳಿನಿಂದ ಅಂಚನ್ನು ಸುತ್ತಲೂ ಒಳಕ್ಕೆ ಒತ್ತಿ ಬಿಡಿಸಿ. ಅಚ್ಚನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಂಠದವರೆಗೆ ಅದ್ದಿ ಎಂಟರವರೆಗೆ ಎಣಿಸಿ. ಜರ್ಮನ್ ಬೇಗ ಬಿಸಿ ಹಿಡಿಯುತ್ತದೆ, ಜಾಸ್ತಿ ಹೊತ್ತು ಬಿಟ್ಟರೆ ಏಣು ಕರಗುತ್ತವೆ. ತಟ್ಟೆಯನ್ನು ಒದ್ದೆ ಮಾಡಿರಿ, ಜೆಲ್ಲಿ ಒಂದು ಕಡೆ ಬಿದ್ದರೂ ಆಗ ನಡುವಿಗೆ ಸರಿಸಬಹುದು. ತಟ್ಟೆ ಮುಚ್ಚಿ, ಎರಡನ್ನೂ ಹಿಡಿದು ಬೋರಲು ಮಾಡಿ, ಒಮ್ಮೆ ಕುಲುಕಿ. ಒಳಗೆ ಗಾಳಿ ಹೋದ ಸಣ್ಣ ಸದ್ದು ಕೇಳುತ್ತದೆ. ಬಂತು ಅಂತ ಅರ್ಥ. ಬರದಿದ್ದರೆ ಇನ್ನೊಮ್ಮೆ ಅದ್ದಿ, ಚಾಕು ಹಾಕಬೇಡಿ.

ಹೋದ ಡಿಸೆಂಬರಿನಲ್ಲಿ ಅಚ್ಚು ಎತ್ತಿದಾಗ ಎಲ್ಲ ಏಣೂ ಚೂಪಾಗಿ ನಿಂತಿದ್ದವು. ಮಗಳು ಟೇಬಲ್ ಹಿಡಿದು ಅಲುಗಿಸಿ, "ಅವ್ವಾ, ನೋಡು, ಹ್ಯಾಂಗ್ ಅಳ್ಳಾಡ್ಲತ್ತದ!" ಅಂದಳು. ಕೂಡಲೇ ಕೊಯ್ದು ಬಡಿಸಿ, ಉಳಿದದ್ದನ್ನು ಮುಚ್ಚಿ ಫ್ರಿಜ್ಜಿಗೆ ಇಡಿ. ಎರಡು ದಿನ ಇರುತ್ತದೆ. ಫ್ರೀಜರಿಗೆ ಮಾತ್ರ ಹಾಕಬೇಡಿ, ಕರಗಿದಾಗ ನೀರು ಬಿಡುತ್ತದೆ.